ಹಳಿ ಕಿತ್ತ ಮೇಲೆ ನೆಲ ಯಾರದು?

ಅಮೆರಿಕದ ಪಿಟ್ಸ್‌ಬರ್ಗ್ ನಗರದಿಂದ ಮೇರಿಲ್ಯಾಂಡ್ ರಾಜ್ಯದ ಕಂಬರ್ಲೆಂಡ್ ಪಟ್ಟಣಕ್ಕೆ 240 ಕಿಲೋಮೀಟರ್. ಸೈಕಲ್ ಮೇಲೆ ಈ ದೂರವನ್ನು ಕ್ರಮಿಸುವ ಪ್ರವಾಸಿಗರು, ಅಲ್ಲಲ್ಲಿ ರಸ್ತೆಯನ್ನು ಅಡ್ಡ ದಾಟುವ ಜಾಗಗಳನ್ನು ಬಿಟ್ಟರೆ, ಬಹುತೇಕ ಎಲ್ಲಿಯೂ ಮೋಟಾರು ವಾಹನಗಳ ಪಕ್ಕದಲ್ಲಿ ಸಾಗಬೇಕಾಗಿಲ್ಲ. ಕಂಬರ್ಲೆಂಡ್‌ನಿಂದ ಮುಂದಕ್ಕೆ ಹಳೆಯ ಕಾಲುವೆಯೊಂದರ ದಂಡೆಯನ್ನು ಹಿಡಿದರೆ ಮತ್ತೆ 297 ಕಿ.ಮೀ. ಸಾಗಿ ರಾಜಧಾನಿ ವಾಷಿಂಗ್ಟನ್ನನ್ನೇ ಸೇರಬಹುದು. 'ಗ್ರೇಟ್ ಅಲೆಘೇನಿ ಪ್ಯಾಸೇಜ್' ಎಂಬ ಹೆಸರಿನ ಈ ಹಾದಿ ಒಂದು ಕಾಲದಲ್ಲಿ ಕಲ್ಲಿದ್ದಲು, ಉಕ್ಕು ಹೊತ್ತ ಗೂಡ್ಸ್ ರೈಲುಗಳು ಓಡಾಡುತ್ತಿದ್ದ ದಾರಿ. ರೈಲು ನಿಂತಿತು, ಹಳಿ ಕಿತ್ತರು, ಜಲ್ಲಿಯ ಮೇಲೆ ಸುಣ್ಣಕಲ್ಲಿನ ಪುಡಿ ಹಾಸಿ ಗಟ್ಟಿ ಮಾಡಿದರು. ಸೇತುವೆ, ಸುರಂಗಗಳು ಮಾತ್ರ ಅಂದಿನವೇ.

ಬೆಳಗಿನ ಜಾವ ಲಾರಿಗಳ ನಡುವೆ ನುಸುಳಿ ನಂದಿ ಬೆಟ್ಟದ ದಾರಿ ಹಿಡಿಯುವ ಬೆಂಗಳೂರಿನ ಸೈಕಲ್ ಸವಾರರಿಗೆ ಇದು ಅಸೂಯೆ ಹುಟ್ಟಿಸುವ ಸಂಗತಿ. ಆದರೆ ಇಂಥ ಹಾದಿಗಳ ಕುರಿತ ಬರಹಗಳು ಸಾಮಾನ್ಯವಾಗಿ ಕಣಿವೆ, ಹೊಳೆ, ಸುರಂಗಗಳ ಸೊಬಗಿನಲ್ಲೇ ಮುಗಿದುಹೋಗುತ್ತವೆ. ಈ ಹಾದಿಗಳನ್ನು ಉಳಿಸಿದ್ದು ಸೊಬಗಲ್ಲ, ಭೂಮಿಯ ಹಕ್ಕಿಗೆ ಸಂಬಂಧಿಸಿದ ಒಂದು ಕಾನೂನು. ಆ ಕಾನೂನಿನ ಸುತ್ತ ನಡೆದ ಜಗಳ ಇಂದಿಗೂ ಮುಗಿದಿಲ್ಲ.

ಮೊದಲಿಗೆ, ರೈಲ್ವೆ ದಾರಿ ಸೈಕಲ್ಲಿಗೆ ಇಷ್ಟು ಒಗ್ಗುವುದೇಕೆ ಎಂಬುದನ್ನು ನೋಡಬೇಕು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಕಡಿದಾದ ಏರನ್ನು ಹತ್ತಲಾರದು. ಆದುದರಿಂದ ಎಂಜಿನಿಯರುಗಳು ಗುಡ್ಡ ಕಡಿದು, ತಗ್ಗು ತುಂಬಿ, ಸುರಂಗ ಕೊರೆದು ಏರನ್ನು ಹದಗೊಳಿಸುತ್ತಾರೆ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ರೈಲು ಮಾರ್ಗ ಇದಕ್ಕೆ ಒಳ್ಳೆಯ ನಿದರ್ಶನ. ಶಿರಾಡಿ ಘಾಟಿಯ ರಸ್ತೆಯಲ್ಲಿ ಬಸ್ಸುಗಳು ಏದುಸಿರು ಬಿಡುವ ಅದೇ ಬೆಟ್ಟಸಾಲನ್ನು ರೈಲು ಪ್ರತಿ 50 ಅಡಿಗೆ 1 ಅಡಿಯಂತೆ, 57 ಸುರಂಗಗಳನ್ನು ಹೊಕ್ಕು ಹೊರಟು ಏರುತ್ತದೆ. ಅಲೆಘೇನಿ ಹಾದಿಯಲ್ಲಿಯೂ ಕಂಬರ್ಲೆಂಡ್ ಕಡೆಯಿಂದ ಹೊರಟವರು ಸುಮಾರು 38 ಕಿ.ಮೀ. ಅಂತರದಲ್ಲಿ 500 ಮೀಟರಿಗೂ ಹೆಚ್ಚು ಎತ್ತರ ಏರಿ, ಸಮುದ್ರಮಟ್ಟದಿಂದ 729 ಮೀಟರ್ ಎತ್ತರದ ಜಲವಿಭಾಜಕ ರೇಖೆಯನ್ನು ಮುಟ್ಟುತ್ತಾರೆ. ಅದಕ್ಕೆ ತುಸು ಮುಂಚೆ ಸಿಗುವ 'ಬಿಗ್ ಸ್ಯಾವೇಜ್' ಸುರಂಗ ಸುಮಾರು ಒಂದು ಕಿಲೋಮೀಟರ್ ಉದ್ದವಿದ್ದು, ಹಿಮಗಡ್ಡೆಯಿಂದ ಹಾನಿಯಾಗದಂತೆ ಚಳಿಗಾಲದಲ್ಲಿ ಅದರ ಬಾಗಿಲು ಮುಚ್ಚಲಾಗುತ್ತದೆ. ಏರು ಎಲ್ಲಿಯೂ ಕಡಿದಾಗಿಲ್ಲದ ಕಾರಣ ಅರವತ್ತು ದಾಟಿದವರೂ ಹೆಗಲುಚೀಲವನ್ನು ಸೈಕಲ್ಲಿಗೆ ಬಿಗಿದು ಹೊರಡುತ್ತಾರೆ.

ಅಮೆರಿಕದ ರೈಲು ಜಾಲ 1916ರಲ್ಲಿ ಉತ್ತುಂಗದಲ್ಲಿತ್ತು. ಆಗ ಅಲ್ಲಿದ್ದ ಮಾರ್ಗಗಳ ಉದ್ದ ಸುಮಾರು 4 ಲಕ್ಷ ಕಿ.ಮೀ. ಅನಂತರ ಲಾರಿ, ಕಾರು, ವಿಮಾನಗಳು ಬಂದವು. ನಷ್ಟದ ಮಾರ್ಗಗಳನ್ನು ಮುಚ್ಚುವುದನ್ನು 1980ರ ಕಾಯ್ದೆಯೊಂದು ಮತ್ತಷ್ಟು ಸುಲಭಗೊಳಿಸಿತು. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ, ಅಲ್ಲಿನ ರೈಲ್ವೆಗಳು ಖಾಸಗಿ ಕಂಪನಿಗಳವು. ಎಷ್ಟೋ ಕಡೆ ಕಂಪನಿಗೆ ನೆಲದ ಒಡೆತನವೇ ಇರಲಿಲ್ಲ. ರೈತನ ಹೊಲದ ಮೇಲೆ ರೈಲು ಹಾಯಿಸುವ ಹಕ್ಕು ಮಾತ್ರ ಇತ್ತು. ರೈಲು ನಿಂತರೆ ಹಕ್ಕೂ ಹೋಯಿತು, ನೆಲ ಮರಳಿ ಹೊಲದೊಡೆಯನಿಗೆ. ನೂರು ಕಿಲೋಮೀಟರ್ ದಾರಿಯ ನಡುವೆ ಹತ್ತು ಮಂದಿ ಬೇಲಿ ಹಾಕಿಕೊಂಡರೆ ಸಾಕು, ದಾರಿ ಹನ್ನೊಂದು ತುಂಡಾಗುತ್ತದೆ. ಅದನ್ನು ಮತ್ತೆ ಜೋಡಿಸಲು ಹೊರಟರೆ ಒಬ್ಬೊಬ್ಬರ ಬಳಿಯೂ ಹೊಸದಾಗಿ ಭೂಸ್ವಾಧೀನ ಮಾಡಬೇಕು. ಯಾವ ಸರ್ಕಾರಕ್ಕೂ ಅದು ನಿಲುಕುವ ಮಾತಲ್ಲ.

ವಿಸ್ಕಾನ್ಸಿನ್ ರಾಜ್ಯ 1967ರಲ್ಲಿ ಎಲ್ರಾಯ್-ಸ್ಪಾರ್ಟಾ ನಡುವಿನ 52 ಕಿ.ಮೀ. ಹಳೆಯ ಮಾರ್ಗವನ್ನು ಸೈಕಲ್ ಹಾದಿಯಾಗಿ ತೆರೆದು ಮೇಲ್ಪಂಕ್ತಿ ಹಾಕಿಕೊಟ್ಟಿತ್ತು. ಆದರೆ ಎಲ್ಲೆಡೆಗೂ ದಾರಿ ತೆರೆದದ್ದು 1983ರಲ್ಲಿ ಅಮೆರಿಕದ ಸಂಸತ್ತು ರಾಷ್ಟ್ರೀಯ ಹಾದಿಗಳ ಕಾಯ್ದೆಗೆ ತಂದ ತಿದ್ದುಪಡಿ. 'ರೈಲ್ ಬ್ಯಾಂಕಿಂಗ್' ಎಂದು ಕರೆಯಲಾಗುವ ಈ ವ್ಯವಸ್ಥೆಯ ಜಾಣತನ ಒಂದೇ ಒಂದು ವಾಕ್ಯದಲ್ಲಿದೆ: ಮುಂದೆಂದಾದರೂ ರೈಲು ಮರಳಬಹುದಾದ್ದರಿಂದ, ಅಲ್ಲಿಯವರೆಗೆ ಹಾದಿಯಾಗಿ ಬಳಸುವ ಮಾರ್ಗವನ್ನು ಕೈಬಿಟ್ಟ ಮಾರ್ಗವೆಂದು ಪರಿಗಣಿಸತಕ್ಕದ್ದಲ್ಲ. ಕೈಬಿಟ್ಟಿಲ್ಲವೆಂದ ಮೇಲೆ ನೆಲ ಹಿಂದಿರುಗುವ ಪ್ರಶ್ನೆಯೂ ಇಲ್ಲ. ಸೈಕಲ್ ಸವಾರ ಇಲ್ಲಿ, ಕಾನೂನಿನ ಕಣ್ಣಿನಲ್ಲಿ, ರೈಲಿಗಾಗಿ ಜಾಗ ಕಾಯುತ್ತಿರುವ ಬಾಡಿಗೆದಾರ!

ಮಿಸೌರಿ ರಾಜ್ಯದ 'ಕೇಟಿ' ಹಾದಿ ಈ ತಿದ್ದುಪಡಿಯ ಫಲ. ಮಿಸೌರಿ ನದಿಯ ದಂಡೆಗುಂಟ ಸಾಗುತ್ತಿದ್ದ ರೈಲು 1986ರಲ್ಲಿ ನಿಂತಾಗ, ಟೆಡ್ ಜೋನ್ಸ್ ಎಂಬ ಉದ್ಯಮಿ 22 ಲಕ್ಷ ಡಾಲರ್ ದೇಣಿಗೆ ನೀಡಿ ಅದನ್ನು ರಾಜ್ಯಕ್ಕೆ ಕೊಡಿಸಿದರು. ನದಿಪಾತ್ರದ ರೈತರಿಂದ ತೀವ್ರ ವಿರೋಧ ಬಂತು. ಅವರ ಆಕ್ಷೇಪವನ್ನು ಪ್ರಗತಿವಿರೋಧವೆಂದು ತಳ್ಳಿಹಾಕುವಂತಿಲ್ಲ. ಅಜ್ಜ ರೈಲಿಗೆಂದು ಬಿಟ್ಟುಕೊಟ್ಟ ನೆಲದಲ್ಲಿ ಮೊಮ್ಮಗನ ಒಪ್ಪಿಗೆಯಿಲ್ಲದೆ ಅಪರಿಚಿತರು ಸೈಕಲ್ ಬಿಡುತ್ತಾರೆಂದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ. ಆದರೂ 1990ರಲ್ಲಿ ಮೊದಲ ಭಾಗ ತೆರೆಯಿತು. 1993ರ ಮಹಾಪ್ರವಾಹ ಹಾದಿಯ ಬಹುಭಾಗವನ್ನು ಕೆಡಿಸಿದ ಬಳಿಕ ಮತ್ತೆ ಕಟ್ಟಲಾಯಿತು. ಇಂದು ಅದರ ಉದ್ದ ಸುಮಾರು 386 ಕಿ.ಮೀ.

ಇದೇ ಆಕ್ಷೇಪ ವರ್ಮಾಂಟ್ ರಾಜ್ಯದ ದಂಪತಿಯೊಬ್ಬರ ಮೂಲಕ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1990ರಲ್ಲಿ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಜೊತೆಗೆ, ನೆಲ ಕಳೆದುಕೊಂಡವರು ಕೇಂದ್ರ ಸರ್ಕಾರದಿಂದ ಪರಿಹಾರ ಕೇಳಬಹುದೆಂದೂ ಹೇಳಿತು. ಆ ದಂಪತಿಗೆ ಪರಿಹಾರ ಸಲ್ಲಬೇಕೆಂದು 1996ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ದಾರಿ ಸಾರ್ವಜನಿಕರಿಗೆ, ಬೆಲೆ ಒಡೆಯನಿಗೆ. ಪ್ರಸ್ತುತ ಬರಹಗಾರನ ದೃಷ್ಟಿಯಲ್ಲಿ ಇಡೀ ವಿವಾದದಲ್ಲಿ ಅತ್ಯಂತ ನ್ಯಾಯಯುತವಾದ ಏರ್ಪಾಟು ಇದೇ.

2014ರಲ್ಲಿ ಮಾತ್ರ ಗಾಳಿ ತಿರುಗಿತು. ವ್ಯೋಮಿಂಗ್‌ನ ಬ್ರ್ಯಾಂಡ್ಟ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 8-1ರ ಬಹುಮತದಿಂದ, 1875ರ ಕಾಯ್ದೆಯಡಿ ರೈಲ್ವೆಗಳಿಗೆ ದೊರೆತದ್ದು ಹಾದುಹೋಗುವ ಹಕ್ಕು ಮಾತ್ರ, ಮಾರ್ಗ ಕೈಬಿಟ್ಟ ಬಳಿಕ ನೆಲ ಸರ್ಕಾರಕ್ಕಲ್ಲ, ಭೂಮಾಲೀಕನಿಗೆ ಸೇರುತ್ತದೆ ಎಂದು ತೀರ್ಪು ನೀಡಿತು. ರೈಲ್ ಬ್ಯಾಂಕಿಂಗ್ ಅಡಿ ಬಂದ ಮಾರ್ಗಗಳಿಗೆ ಇದು ತಟ್ಟದು. ವಿಧಿವತ್ತಾಗಿ ಕೈಬಿಟ್ಟ ಮಾರ್ಗಗಳ ಪಾಡು ಬೇರೆ. ಒಂದು ಅರ್ಜಿ ಸಕಾಲದಲ್ಲಿ ಸಲ್ಲಿಕೆಯಾಗಿತ್ತೇ ಇಲ್ಲವೇ ಎಂಬುದರ ಮೇಲೆ ಹಾದಿಯೊಂದರ ಅಳಿವು ಉಳಿವು ನಿಂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಇದೀಗ ಹಣದ ಚಿಂತೆಯೂ ಸೇರಿಕೊಂಡಿದೆ. ರಾಜಧಾನಿಯಿಂದ ಪೆಸಿಫಿಕ್ ತೀರದ ವಾಷಿಂಗ್ಟನ್ ರಾಜ್ಯದವರೆಗೆ ಸುಮಾರು 6 ಸಾವಿರ ಕಿ.ಮೀ. ಉದ್ದದ 'ಗ್ರೇಟ್ ಅಮೆರಿಕನ್ ರೈಲ್-ಟ್ರೈಲ್' ಯೋಜನೆಯನ್ನು 2019ರಲ್ಲಿ ಪ್ರಕಟಿಸಲಾಯಿತು. ಅರ್ಧಕ್ಕಿಂತ ಹೆಚ್ಚು ಸಿದ್ಧವಾಗಿದ್ದರೂ ಪಶ್ಚಿಮದ ರಾಜ್ಯಗಳಲ್ಲಿ ಬಿಟ್ಟ ಜಾಗಗಳು ಬಹಳ. 2021ರ ಮೂಲಸೌಕರ್ಯ ಕಾಯ್ದೆ ಇಂತಹ ಕೊಂಡಿಗಳಿಗೆಂದು ವರ್ಷಕ್ಕೆ 20 ಕೋಟಿ ಡಾಲರ್‌ವರೆಗೆ ನೀಡಲು ಅನುಮತಿಸಿತ್ತು. ಮೊದಲ ಸುತ್ತಿಗೆ ವಾಸ್ತವವಾಗಿ ಸಿಕ್ಕಿದ್ದು ಸುಮಾರು 4.5 ಕೋಟಿ. ನಡಿಗೆ, ಸೈಕಲ್ ಯೋಜನೆಗಳಿಗೂ ನೆರವಾಗುತ್ತಿದ್ದ ಮತ್ತೊಂದು ಕಾರ್ಯಕ್ರಮದಲ್ಲಿ ಹಂಚಿಕೆಯಾಗದೆ ಉಳಿದಿದ್ದ ಹಣವನ್ನು 2025ರ ಜುಲೈನ ಕಾನೂನು ಹಿಂದಕ್ಕೆ ಪಡೆಯಿತು. ಅಲೆಘೇನಿ ಹಾದಿಯ ಅನುಭವ ಇಲ್ಲಿ ಸ್ಮರಣೀಯ. ಅದರ ಮೊದಲ 14 ಕಿ.ಮೀ. ತೆರೆದದ್ದು 1986ರಲ್ಲಿ, ಪಿಟ್ಸ್‌ಬರ್ಗ್ ಬಳಿಯ ಕೊನೆಯ ತುಣುಕು ಸೇರಿ ಹಾದಿ ಪೂರ್ಣವಾದದ್ದು 2013ರಲ್ಲಿ. ಇಪ್ಪತ್ತೇಳು ವರ್ಷ!

ರೈಲ್ವೆ ಸರ್ಕಾರದ್ದೇ ಆಗಿರುವೆಡೆ ಕಥೆ ಇಷ್ಟು ಜಟಿಲವಲ್ಲ. ನ್ಯೂಜಿಲೆಂಡ್‌ನ ಒಟಾಗೊ ಪ್ರಾಂತ್ಯದಲ್ಲಿ 1990ರಲ್ಲಿ ಮುಚ್ಚಿದ ಮಾರ್ಗವನ್ನು 1993ರಲ್ಲಿ ಅಲ್ಲಿನ ಸಂರಕ್ಷಣಾ ಇಲಾಖೆ ಇಡಿಯಾಗಿ ವಹಿಸಿಕೊಂಡಿತು. ಸುಮಾರು 150 ಕಿ.ಮೀ. ಹಾದಿ 2000ದಲ್ಲಿ ಪೂರ್ಣವಾಗಿ ತೆರೆಯಿತು. ಸ್ಪೇನ್ ಕೂಡ 1993ರಿಂದ ತನ್ನ ಹಳೆಯ ಮಾರ್ಗಗಳನ್ನು 'ಹಸಿರು ಹಾದಿ'ಗಳಾಗಿಸುತ್ತಿದೆ.

ಈ ಲೆಕ್ಕದಲ್ಲಿ ಭಾರತ ಅಮೆರಿಕಕ್ಕಿಂತ ಅನುಕೂಲ ಸ್ಥಿತಿಯಲ್ಲಿರಬೇಕಿತ್ತು. ಇಲ್ಲಿ ಹಳಿಯಡಿಯ ನೆಲದ ಒಡೆಯ ಬಹುತೇಕ ಒಬ್ಬನೇ, ಭಾರತೀಯ ರೈಲ್ವೆ. ಆದರೆ ನಮ್ಮಲ್ಲಿ ಮಾರ್ಗಗಳು ಮುಚ್ಚಿದ್ದು ಬಹುಪಾಲು ಗೇಜ್ ಪರಿವರ್ತನೆಗಾಗಿ; 1992ರಲ್ಲಿ ಆರಂಭವಾದ ಯೂನಿಗೇಜ್ ಯೋಜನೆಯಲ್ಲಿ ಹಳೆಯ ಮೀಟರ್‌ಗೇಜ್ ದಾರಿಯ ಮೇಲೆಯೇ ಬ್ರಾಡ್‌ಗೇಜ್ ಬಂತು. ಸಕಲೇಶಪುರದ ಘಾಟಿ ಮಾರ್ಗದಲ್ಲಿ 1996ರಲ್ಲಿ ನಿಂತ ಸಂಚಾರ 2006ರಲ್ಲಿ ಗೂಡ್ಸ್ ರೈಲಿನೊಂದಿಗೆ ಮರಳಿತು. ನಡುವಿನ ಹತ್ತು ವರ್ಷ ದೋಣಿಗಾಲ್-ಎಡಕುಮೇರಿ ನಡುವೆ ಚಾರಣಿಗರು ನಡೆದದ್ದೇ ನಡೆದದ್ದು. ಅವರು 'ಗ್ರೀನ್ ರೂಟ್' ಎಂದು ಕರೆದ ಆ ದಾರಿಯೇ, ಯಾರೂ ಯೋಜಿಸದೆ ಹುಟ್ಟಿದ ನಮ್ಮ ರೈಲು ಹಾದಿ. ಈಗ ಅಲ್ಲಿ ರೈಲುಗಳು ಓಡುತ್ತಿವೆ. ಹಳಿಯ ಮೇಲೆ ನಡೆಯುವುದು ಪ್ರಾಣಾಪಾಯ ಮಾತ್ರವಲ್ಲ, 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧವೂ ಹೌದು. ಆ ಘಾಟಿಯನ್ನು ಸೈಕಲ್ಲಿಗೆ ಬಿಡಿ ಎಂದು ಯಾರೂ ಕೇಳಲಾರರು, ಕೇಳಲೂಬಾರದು.

ಪ್ರಶ್ನೆಯಿರುವುದು ಪಕ್ಕಕ್ಕುಳಿದ ತುಣುಕುಗಳದು. ಪರಿವರ್ತನೆಯ ವೇಳೆ ತಿರುವುಗಳನ್ನು ನೇರಗೊಳಿಸಿದಾಗ, ಹೊಸ ಸೇತುವೆ ಕಟ್ಟಿದಾಗ ಹಳೆಯ ಏರಿ, ಮೋರಿ, ಕಲ್ಲುಕಂಬಗಳು ಹಾಗೆಯೇ ಉಳಿಯುತ್ತವೆ. ಇಂತಹ ಖಾಲಿ ಜಾಗವನ್ನು ವಾಣಿಜ್ಯ ಬಳಕೆಗೆ ನೀಡಲೆಂದೇ 2005ರ ತಿದ್ದುಪಡಿ ಕಾಯ್ದೆಯಡಿ ರೈಲು ಭೂ ಅಭಿವೃದ್ಧಿ ಪ್ರಾಧಿಕಾರವಿದೆ. ಪ್ರಾಧಿಕಾರದ ಲೆಕ್ಕದಲ್ಲಿ ನೆಲವೆಂದರೆ ಚದರ ಮೀಟರ್. ದಾರಿಯ ಬೆಲೆಯಿರುವುದು ಅದರ ಉದ್ದದಲ್ಲಿ. ನಡುವೆ ಒಂದು ವಾಣಿಜ್ಯ ಸಂಕೀರ್ಣ ಎದ್ದರೆ ಎರಡೂ ಬದಿಯ ಏರಿ ಬರೀ ಮಣ್ಣಿನ ದಿಬ್ಬ. ನಮ್ಮ ಸಂಸದರು ಲೋಕಸಭೆಯಲ್ಲಿ ಹೊಸ ರೈಲು, ಹೊಸ ನಿಲುಗಡೆಗಳನ್ನು ಕೇಳುತ್ತಲೇ ಇರುತ್ತಾರೆ. ರಾಜ್ಯದಲ್ಲಿ ಬಳಕೆ ತಪ್ಪಿದ ಮಾರ್ಗಗಳು ಎಲ್ಲೆಲ್ಲಿ, ಎಷ್ಟೆಷ್ಟು ಉದ್ದ ಉಳಿದಿವೆ, ಅವುಗಳಲ್ಲಿ ಎಷ್ಟು ಈಗಾಗಲೇ ಗುತ್ತಿಗೆಗೆ ಹೋಗಿವೆ ಎಂಬುದನ್ನು ತಿಳಿಯಲು ಒಂದು ಲಿಖಿತ ಪ್ರಶ್ನೆ ಸಾಕು.