ಹಳಬರು ಮತ್ತೆ ಮತ ಕೇಳಿದಾಗ



2023ನೆಯ ಇಸವಿಯ ಮೇ ತಿಂಗಳಲ್ಲಿ ನಮ್ಮ ರಾಜ್ಯದ ವಿಧಾನಸಭೆಗೆ ಚುನಾವಣೆ ನಡೆಯಿತಷ್ಟೆ. ಎಂಬತ್ತು ವರ್ಷ ಮೀರಿದ ವೃದ್ಧರು ಮತಗಟ್ಟೆಯವರೆಗೆ ನಡೆದು ಬಂದು ದಣಿಯಬಾರದೆಂದು, ಅವರವರ ಮನೆಗೇ ಹೋಗಿ ಮತವನ್ನು ಪಡೆದು ಬರುವ ಏರ್ಪಾಟನ್ನು ಚುನಾವಣಾ ಆಯೋಗದವರು ನಮ್ಮ ರಾಜ್ಯದಲ್ಲಿ ಮೊದಲ ಬಾರಿಗೆ ಮಾಡಿದ್ದು ಆಗಲೇ. ಅದೇ ಚುನಾವಣೆಯಲ್ಲಿ ನಮ್ಮ ಜಿಲ್ಲೆಯ ದಾವಣಗೆರೆ ದಕ್ಷಿಣ ಕ್ಷೇತ್ರದಲ್ಲಿ 91 ವರ್ಷದ ಹಿರಿಯರೊಬ್ಬರು ಮತವನ್ನು ಕೊಡುವುದಕ್ಕೆ ಮಾತ್ರವಲ್ಲದೆ ಕೇಳುವುದಕ್ಕೂ ಹೊರಟಿದ್ದರು. ಅವರು ಶಾಮನೂರು ಶಿವಶಂಕರಪ್ಪನವರು.

ನಮ್ಮ ಸೊಕ್ಕೆ ಗ್ರಾಮವು ಜಗಳೂರು ಕ್ಷೇತ್ರಕ್ಕೆ ಸೇರಿದ್ದು. ಅವರಿಗೆ ಮತ ಕೊಡುವ ಹಕ್ಕು ನಮಗಿರಲಿಲ್ಲ. ಆದರೂ ಜಗಲಿಯ ಮೇಲೆ ಪತ್ರಿಕೆಯನ್ನು ಓದುತ್ತಿದ್ದ ನೆರೆಮನೆಯ ಹಿರಿಯರು ಈ ಸಂಗತಿಯನ್ನು ಕಂಡು ನನ್ನೊಡನೆ ಅಂದರು: “ಮೇಷ್ಟ್ರೇ, ಅಷ್ಟು ಕಾಲ ದುಡಿದವರು ಮನೆ ಬಾಗಿಲಿಗೆ ಬಂದು ನಿಂತರೆ ಇಲ್ಲ ಅನ್ನೋದು ಹೆಂಗೆ? ಮಾಡಿದ್ದನ್ನ ಮರೆತವನು ಮನುಷ್ಯನೇ?” ಒಳಗಿನಿಂದ ಬರುತ್ತಿದ್ದ ಅವರ ಸೊಸೆ ಬಾಗಿಲಲ್ಲೇ ನಿಂತು, “ಮಾಡಿದ್ದಕ್ಕೆ ಕೈ ಮುಗಿಯೋಣ ಮಾವ. ಓಟು ಮುಂದಿನ ಐದು ವರ್ಷದ್ದಲ್ವಾ?” ಎಂದಳು. ಹಿರಿಯರು ಉತ್ತರ ಕೊಡಲಿಲ್ಲ. ನನಗೂ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಈ ಮಾತು ಪ್ರತಿಯೊಂದು ಗೃಹಸ್ಥನ ಮನೆಯಲ್ಲೂ ಚುನಾವಣೆಯ ಕಾಲಕ್ಕೆ ಏಳತಕ್ಕದ್ದಾದ ಕಾರಣ ಈ ತಿಂಗಳು ಅದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇನೆ.

ಶಿವಶಂಕರಪ್ಪನವರು 1931ರಲ್ಲಿ ಜನಿಸಿದವರು. ದಾವಣಗೆರೆಯ ಪುರಸಭೆಯಿಂದ ಸಾರ್ವಜನಿಕ ಜೀವನಕ್ಕೆ ಮೊದಲಿಟ್ಟು, 1994ರಲ್ಲಿ ಕಾಂಗ್ರೆಸ್ ಪಕ್ಷದಿಂದ ವಿಧಾನಸಭೆಗೆ ಬಂದರು. 1998ರಲ್ಲಿ ಲೋಕಸಭೆಗೆ ಆಯ್ಕೆಯಾದರು. ಮರುವರ್ಷವೇ ನಡೆದ ಚುನಾವಣೆಯಲ್ಲಿ ಸೋತರು. 2004ರಲ್ಲಿ ಪುನಃ ವಿಧಾನಸಭೆಗೆ ಬಂದ ಮೇಲೆ 2008, 2013, 2018 ಎಂದು ಪ್ರತಿ ಸಲವೂ ಗೆಲ್ಲುತ್ತಲೇ ಹೋದರು. ಬಾಪೂಜಿ ವಿದ್ಯಾಸಂಸ್ಥೆಯ ಮುಖಂಡರಾಗಿ ಊರಿನ ಶಾಲೆ, ಕಾಲೇಜು, ಆಸ್ಪತ್ರೆಗಳೊಡನೆ ಅವರ ಹೆಸರು ಬೆಸೆದುಕೊಂಡಿತ್ತು. 2023ರಲ್ಲಿಯೂ ಅವರು 27 ಸಾವಿರಕ್ಕೂ ಮಿಕ್ಕ ಮತಗಳ ಅಂತರದಿಂದ ಗೆದ್ದು, ಆ ಸಭೆಯಲ್ಲಿ ಎಲ್ಲರಿಗಿಂತ ಹಿರಿಯ ಸದಸ್ಯರಾಗಿ ಕುಳಿತರು. 2025ರ ಡಿಸೆಂಬರಿನಲ್ಲಿ, 94ನೆಯ ವಯಸ್ಸಿನಲ್ಲಿ, ಶಾಸಕರಾಗಿರುವಾಗಲೇ ಕಾಲವಾದರು.

ಹಳಬರೆಂದಮಾತ್ರಕ್ಕೆ ಎಲ್ಲರಿಗೂ ಇಂಥ ಭಾಗ್ಯ ದೊರೆಯುವುದೆಂದು ತಿಳಿಯಕೂಡದು. ನಮ್ಮ ನೆರೆಯ ಚನ್ನಗಿರಿಯವರೇ ಆದ ಜೆ. ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದವರು. 1996ರಲ್ಲಿ ರಾಜ್ಯದ ಮುಖ್ಯಮಂತ್ರಿಗಳಾದರು. ಆ ಪದವಿಯಲ್ಲಿದ್ದುಕೊಂಡೇ 1999ರಲ್ಲಿ ತಮ್ಮ ಸ್ವಂತ ಕ್ಷೇತ್ರದಲ್ಲಿ ಸೋತರು. ಮಲ್ಲಿಕಾರ್ಜುನ ಖರ್ಗೆಯವರಾದರೋ 1972ರಲ್ಲಿ ಗುರುಮಠಕಲ್ಲಿನಿಂದ ಮೊದಲುಗೊಂಡು 2014ರ ಲೋಕಸಭೆಯವರೆಗೆ ಹನ್ನೊಂದು ಚುನಾವಣೆಗಳನ್ನು ಸೋಲರಿಯದೆ ಗೆದ್ದವರು. ಜನ ಅವರನ್ನು ಸೋಲಿಲ್ಲದ ಸರದಾರರೆಂದೇ ಕರೆಯುತ್ತಿದ್ದರು. 2019ರಲ್ಲಿ ಕಲಬುರಗಿಯ ಮತದಾರರು ಅವರನ್ನು 95 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಸೋಲಿಸಿದರು. ಅಷ್ಟು ದೀರ್ಘವಾದ ಸೇವೆಯೂ ಆ ಒಂದು ದಿನ ನೆರವಿಗೆ ಬರಲಿಲ್ಲ.

ಇನ್ನು ಕೆಲವು ಕ್ಷೇತ್ರಗಳ ಸ್ವಭಾವವೇ ಬೇರೆ. ಹೊನ್ನಾಳಿಯವರು 2008ರಲ್ಲಿ ರೇಣುಕಾಚಾರ್ಯರನ್ನೂ, 2013ರಲ್ಲಿ ಶಾಂತನಗೌಡರನ್ನೂ, 2018ರಲ್ಲಿ ಮತ್ತೆ ರೇಣುಕಾಚಾರ್ಯರನ್ನೂ, 2023ರಲ್ಲಿ ಮತ್ತೆ ಶಾಂತನಗೌಡರನ್ನೂ ಆರಿಸಿದರು. ತೂಗುಯ್ಯಾಲೆಯಂತೆ ಆಚೆಗೊಮ್ಮೆ ಈಚೆಗೊಮ್ಮೆ. ನಮ್ಮ ಜಗಳೂರಿನಲ್ಲಿಯೂ ಆ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ಒಮ್ಮೆ ಗೆದ್ದವರು ಮುಂದಿನ ಸಲ ಗೆಲ್ಲಲಿಲ್ಲ. 2023ರಲ್ಲಿ ಅಧಿಕಾರದಲ್ಲಿದ್ದ ಶಾಸಕರನ್ನು ಸೋಲಿಸಿ ಬಂದ ದೇವೇಂದ್ರಪ್ಪನವರು ಹಿಂದೆ ವಿದ್ಯಾಸಂಸ್ಥೆಯೊಂದರಲ್ಲಿ ಜವಾನರಾಗಿದ್ದವರು. ಅವರು ಗೆದ್ದ ಅಂತರ ಕೇವಲ 874 ಮತಗಳು. ಒಂದು ದೊಡ್ಡ ಹಳ್ಳಿಯ ಮನೆಗಳು ಮನಸ್ಸನ್ನು ಬದಲಿಸಿದ್ದರೆ ಫಲವೂ ಬದಲಾಗುತ್ತಿತ್ತು. ಆದಕಾರಣ, ನನ್ನೊಂದು ಮತದಿಂದ ಏನಾದೀತು ಎಂದು ಉದಾಸೀನರಾಗುವವರು ಈ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು.

ಈ ಉದಾಹರಣೆಗಳಿಂದ ತಿಳಿದುಬರುವುದೇನೆಂದರೆ, ಹಳಬರ ವಿಷಯದಲ್ಲಿ ಮತದಾರರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಒಂದು ಕೃತಜ್ಞತೆಯ ದಾರಿ: ಇಷ್ಟು ದಿನ ಇದ್ದರು, ಇನ್ನೂ ಇರಲಿ. ಇನ್ನೊಂದು ಬೇಸರದ ದಾರಿ: ಇಷ್ಟು ದಿನ ಇದ್ದರು, ಇನ್ನು ಸಾಕು. ನಮ್ಮ ರಾಜ್ಯದಲ್ಲಿ 1985ರಿಂದೀಚೆಗೆ 2023ರವರೆಗೆ ಆಳುತ್ತಿದ್ದ ಯಾವ ಪಕ್ಷವೂ ಚುನಾವಣೆಯನ್ನು ಗೆದ್ದು ಮರಳಿ ಅಧಿಕಾರಕ್ಕೆ ಬಂದಿಲ್ಲವೆಂಬುದನ್ನು ನೋಡಿದರೆ ಬೇಸರದ ಬಲವೇ ಹೆಚ್ಚೆಂದು ತೋರುತ್ತದೆ. ಈ ಎರಡು ದಾರಿಗಳೂ ಒಂದೇ ದೋಷದಿಂದ ಕೂಡಿವೆ. ಎರಡರಲ್ಲಿಯೂ ಎಣಿಕೆ ಕಳೆದ ವರ್ಷಗಳದೇ ಹೊರತು ಬರುವ ವರ್ಷಗಳದಲ್ಲ. ಹಾಗೂ ಎರಡರಲ್ಲಿಯೂ ನೆರೆಯವನು ಹೋದತ್ತ ತಾನೂ ಹೋಗುವುದು ಸುಲಭ. ಇದನ್ನು ಸಂಸ್ಕೃತದಲ್ಲಿ ಗಡ್ಡರಿಕಾಪ್ರವಾಹ ನ್ಯಾಯವೆನ್ನುವರು. ಗಡ್ಡರಿಕೆಯೆಂದರೆ ಹಿಂಡಿನ ಮುಂದೆ ನಡೆಯುವ ಕುರಿ. ಕುರಿಹಿಂಡನ್ನು ದಿನವೂ ಕಾಣುವ ನಮ್ಮ ಸೀಮೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ, ಕಳೆದ ವರ್ಷ ತರಗತಿಗೆ ಮೊದಲಿಗನಾಗಿದ್ದ ಹುಡುಗನ ಉತ್ತರಪತ್ರಿಕೆ ಕೈಗೆ ಬಂದಾಗ ಲೇಖನಿ ತಾನಾಗಿ ಒಂದೆರಡು ಅಂಕ ಹೆಚ್ಚಿಗೆ ಬರೆಯಲು ಹೋಗುತ್ತಿತ್ತು. ಹೆಸರನ್ನು ಮುಚ್ಚಿಟ್ಟು ಓದಿದಾಗಲೇ ಆ ಉತ್ತರದ ನಿಜವಾದ ಬೆಲೆ ತಿಳಿಯುತ್ತಿದ್ದುದು. ಹುಡುಗನ ಮೇಲಣ ಪ್ರೀತಿ ಅದರಿಂದ ಕಡಮೆಯಾಗಲಿಲ್ಲ. ಪರೀಕ್ಷೆಯ ಮರ್ಯಾದೆ ಉಳಿಯಿತು.

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿಯೂ ಈ ಪ್ರಶ್ನೆ ಉಂಟು. ಅಲ್ಲಿ ಪ್ರತಿಯೊಂದು ರಾಜ್ಯದಿಂದ ಇಬ್ಬರು ಸೆನೆಟರುಗಳು. ಅವಧಿ ಆರು ವರ್ಷ. ಅಧ್ಯಕ್ಷನಾದವನು ಎರಡು ಸಲಕ್ಕಿಂತ ಹೆಚ್ಚಾಗಿ ಆಯ್ಕೆಯಾಗಕೂಡದೆಂದು 1951ರಲ್ಲಿ ಅವರ ಸಂವಿಧಾನಕ್ಕೆ ತಿದ್ದುಪಡಿಯಾಯಿತು. ಸೆನೆಟರಿಗೆ ಅಂಥ ಮಿತಿಯಿಲ್ಲ. ಪಶ್ಚಿಮ ವರ್ಜೀನಿಯಾದ ರಾಬರ್ಟ್ ಬರ್ಡ್ ಎಂಬವರು 1959ರಿಂದ 2010ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ 51 ವರ್ಷಗಳಿಗೂ ಮಿಕ್ಕು, ಆ ಸ್ಥಾನದಲ್ಲಿದ್ದರು. ಇಂಡಿಯಾನಾ ರಾಜ್ಯದ ರಿಚರ್ಡ್ ಲೂಗರ್ 36 ವರ್ಷ ಸೆನೆಟರಾಗಿದ್ದು 2012ರಲ್ಲಿ ಏಳನೆಯ ಬಾರಿಗೆ ನಿಲ್ಲಬಯಸಿದಾಗ, ಅವರಿಗೆ ಆ ರಾಜ್ಯದಲ್ಲಿ ವಾಸದ ಮನೆಯೇ ಇಲ್ಲವೆಂಬುದು ದೊಡ್ಡ ವಿವಾದವಾಗಿ, ಕಡೆಗೆ ಅವರ ಪಕ್ಷದ ಮತದಾರರೇ ಅವರನ್ನು ಕೈಬಿಟ್ಟರು. ಅಲ್ಲಿ ಪಕ್ಷದ ಉಮೇದುವಾರನು ಯಾರಾಗಬೇಕೆಂಬುದನ್ನೂ ಜನರೇ ಮೊದಲೊಂದು ಚುನಾವಣೆಯಲ್ಲಿ ತೀರ್ಮಾನಿಸುತ್ತಾರೆ. ನಮ್ಮಲ್ಲಿ ಆ ತೀರ್ಮಾನ ಪಕ್ಷದ ಹಿರಿಯರದು. ಆದ್ದರಿಂದ ನಮ್ಮ ಮತದಾರನಿಗೆ ಹಳಬರನ್ನು ಪ್ರಶ್ನಿಸಲು ಇರುವುದು ಒಂದೇ ಸಂದರ್ಭ.

ವಿಧಾನಸಭೆಗೆ ನಿಲ್ಲುವವನಿಗೆ 25 ವರ್ಷ ತುಂಬಿರಬೇಕೆಂದು ನಮ್ಮ ಸಂವಿಧಾನ ಹೇಳುತ್ತದೆ. ಇಷ್ಟು ವಯಸ್ಸಿಗೆ ನಿಲ್ಲಿಸಬೇಕೆಂದು ಎಲ್ಲಿಯೂ ಹೇಳಿಲ್ಲ. ಕಾಳಿದಾಸನ ರಘುವಂಶದಲ್ಲಿ ಆ ಕುಲದ ಅರಸರು ಮುಪ್ಪು ಬಂದಾಗ ರಾಜ್ಯವನ್ನು ಮಗನಿಗೊಪ್ಪಿಸಿ ತಪೋವನಕ್ಕೆ ಹೋಗುವುದನ್ನು ನಾವು ಆದರ್ಶವೆಂದು ಓದುತ್ತೇವೆ. ಅರಸನನ್ನು ಇಳಿಯೆಂದು ಹೇಳುವ ಅಧಿಕಾರ ಪ್ರಜೆಗಳಿಗಿರಲಿಲ್ಲ. ಅದಕ್ಕಾಗಿ ಇಳಿಯುವ ಧರ್ಮವನ್ನು ಅರಸನ ಮನಸ್ಸಿನಲ್ಲಿಯೇ ನೆಡಬೇಕಾಯಿತು. ಈಗ ಅಧಿಕಾರ ನಮ್ಮ ಕೈಗೆ ಬಂದಿದೆ. ಹಾಗಿರಲು, ವಯಸ್ಸಾದವರು ಏಕೆ ನಿಂತರೆಂದು ಅವರನ್ನು ದೂರುವುದಕ್ಕಿಂತ, ನಾವು ಏನನ್ನು ವಿಚಾರಿಸಿ ಮತ ಕೊಟ್ಟೆವೆಂದು ನಮ್ಮನ್ನೇ ಕೇಳಿಕೊಳ್ಳುವುದು ನ್ಯಾಯ.

ವಿಚಾರಿಸತಕ್ಕದ್ದು ಬಹಳವಿಲ್ಲ. ಮೂರು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ಅರ್ಧಕ್ಕೆ ನಿಂತ ಕೆಲಸದ ಮಾತು. ಅಧಿಕಾರದಲ್ಲಿರುವವರು ಮರಳಿ ಬರುವಾಗ ಹೇಳುವ ಮುಖ್ಯವಾದ ವಾದವೇ ಇದು: ಕೆಲಸ ನಡೆಯುತ್ತಿದೆ, ಮುಗಿಸಲು ಇನ್ನೊಂದು ಅವಧಿ ಕೊಡಿ. ನಮ್ಮ ತಾಲ್ಲೂಕು ಮಳೆಯನ್ನೇ ನಂಬಿದ ಒಣಸೀಮೆ. ತುಂಗಭದ್ರೆಯ ನೀರನ್ನು ಎತ್ತಿ ಇಲ್ಲಿನ 57 ಕೆರೆಗಳನ್ನು ತುಂಬಿಸುವ ಯೋಜನೆಯೂ, ಭದ್ರಾ ಮೇಲ್ದಂಡೆ ಯೋಜನೆಯೂ ಒಂದಕ್ಕಿಂತ ಹೆಚ್ಚು ಚುನಾವಣೆಗಳಲ್ಲಿ ನಾವು ಕೇಳಿದ ಮಾತುಗಳು. ಎರಡನೆಯದಕ್ಕೆ 2023ರ ಫೆಬ್ರವರಿಯ ಕೇಂದ್ರ ಮುಂಗಡಪತ್ರದಲ್ಲಿ 5,300 ಕೋಟಿ ರೂಪಾಯಿಗಳ ನೆರವು ಘೋಷಿತವಾಯಿತು. ಇಂಥ ಕೆಲಸಗಳು ಐದು ವರ್ಷಗಳಲ್ಲಿ ಮುಗಿಯತಕ್ಕವಲ್ಲ. ಆದ್ದರಿಂದ ಆ ವಾದವನ್ನು ಸುಳ್ಳೆಂದು ತಳ್ಳಲಾಗದು. ಆದರೆ ಕಾಲುವೆ ಎಲ್ಲಿಯವರೆಗೆ ಬಂದಿದೆ, ಯಾವ ಕೆರೆಗೆ ನೀರು ಬಿದ್ದಿದೆ, ಉಳಿದುದಕ್ಕೆ ತಡೆಯೇನು, ಹಣವೋ ಭೂಮಿಯೋ ಎಂದು ಕೇಳಬಹುದು. ನಿಜವಾಗಿ ದುಡಿದವರು ಇದಕ್ಕೆ ತಡವರಿಸದೆ ಉತ್ತರ ಹೇಳುವರು. ಈ ಪ್ರಶ್ನೆಯನ್ನು ಕೇಳಲು ದೂರದಿಂದ ಕೊಡ ಹೊತ್ತು ತರುವ ಹೆಂಗಸರಿಗಿಂತ ಅರ್ಹರು ಯಾರೂ ಇಲ್ಲ.

ಎರಡನೆಯದು ಪ್ರಮಾಣಪತ್ರ. ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಫಲವಾಗಿ 2003ರಿಂದೀಚೆಗೆ ಪ್ರತಿಯೊಬ್ಬ ಉಮೇದುವಾರನೂ ತನ್ನ ಆಸ್ತಿ, ಸಾಲ, ವಿದ್ಯೆ, ತನ್ನ ಮೇಲಿರುವ ಮೊಕದ್ದಮೆಗಳನ್ನು ನಾಮಪತ್ರದೊಡನೆ ಬರೆದುಕೊಡಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. ಹೊಸಬನದು ಒಂದೇ ಪತ್ರವಿದ್ದರೆ ಹಳಬರದು ಹಲವು ಇರುತ್ತವೆ. ಅವನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಮನೆಯ ವಿದ್ಯಾವಂತ ಹುಡುಗರಿಂದ ಓದಿಸಿ ಕೇಳಿದರೆ, ಅವಧಿಯಿಂದ ಅವಧಿಗೆ ಏನು ಬೆಳೆದಿದೆಯೆಂಬುದು ತಿಳಿಯುತ್ತದೆ.

ಮೂರನೆಯದು ಅವರ ಹಿಂದೆ ನಿಂತವರ ಸಂಗತಿ. ಬಹುಕಾಲ ಒಂದೇ ಸ್ಥಾನದಲ್ಲಿದ್ದವರು ತಮ್ಮ ನಂತರ ಆ ಭಾರವನ್ನು ಹೊರಬಲ್ಲ ಎಷ್ಟು ಜನರನ್ನು ತಯಾರು ಮಾಡಿದ್ದಾರೆ? ಆ ಜನ ಮನೆಯೊಳಗಿನವರು ಮಾತ್ರವೋ, ಹೊರಗಿನವರೂ ಉಂಟೋ? ನಮ್ಮ ಜಿಲ್ಲೆಯ ಲೋಕಸಭಾ ಸ್ಥಾನಕ್ಕೆ 1996ರಿಂದ 2024ರವರೆಗೆ ಗೆದ್ದವರೆಲ್ಲರೂ ಎರಡೇ ಮನೆತನಗಳಿಗೆ ಸೇರಿದವರು. 2024ರಲ್ಲಿ ಎರಡು ಪ್ರಧಾನ ಪಕ್ಷಗಳ ಅಭ್ಯರ್ಥಿಗಳಾಗಿ ಎದುರುಬದುರು ನಿಂತವರೂ ಆ ಎರಡು ಮನೆಗಳ ಸೊಸೆಯರೇ. ಅವರ ಯೋಗ್ಯತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಗೆದ್ದವರು ಜನರ ಮತದಿಂದಲೇ ಗೆದ್ದರು. ಆದರೆ ಹದಿನೈದಿಪ್ಪತ್ತು ಲಕ್ಷ ಮತದಾರರಿರುವ ಕ್ಷೇತ್ರದಲ್ಲಿ ಮೂರನೆಯ ಮನೆಯೊಂದು ಕಣ್ಣಿಗೆ ಬೀಳಲಿಲ್ಲವೇ ಎಂಬ ಪ್ರಶ್ನೆ ಪಕ್ಷಗಳಿಗೂ ನಮಗೂ ಸೇರಿದ್ದು.

ಈ ಮೂರಕ್ಕೂ ತಕ್ಕ ಉತ್ತರ ದೊರೆತರೆ, ಕೇಳಿದವರು ತೊಂಬತ್ತು ದಾಟಿದವರಾದರೂ ಸಂತೋಷದಿಂದ ಮತ ಕೊಡಬಹುದು. ದೊರೆಯದಿದ್ದರೆ, ಅವರು ಮೂವತ್ತರ ತರುಣರಾದರೂ ಕೊಡಬೇಕಾದುದಿಲ್ಲ. ಸೋಲು ಹಿರಿಯರಿಗೆ ಮಾಡಿದ ಅವಮಾನವೂ ಅಲ್ಲ. 1999ರಲ್ಲಿ ಸೋತ ಶಿವಶಂಕರಪ್ಪನವರು 2004ರಲ್ಲಿ ಎದ್ದು ಬಂದುದನ್ನು ನೋಡಿದ್ದೇವಷ್ಟೆ.

ಮೊನ್ನೆ ಆ ನೆರೆಮನೆಯ ಹಿರಿಯರಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಮುಂದಿನ ಸಲ ಬಂದವರನ್ನ ಕೂರಿಸಿ, ಕಾಫಿ ಕೊಟ್ಟು, ಆಮೇಲೆ ಕೆರೆ ಮಾತು ಕೇಳ್ತೀನಿ. ನಾನು ಮರೆತರೆ ಇವಳು ನೆನಪು ಮಾಡ್ತಾಳೆ” ಎಂದು ಸೊಸೆಯ ಕಡೆಗೆ ನೋಡಿದರು. ಅವಳು ನಕ್ಕು ಒಳಗೆ ಹೋದಳು.