ನೆನಪಿಲ್ಲ ಎಂದವರಿಗೆ

‘ಕಲಬುರಗಿಗೆ ಸೈನಿಕ ಪರಂಪರೆ ಇಲ್ಲ, ಯುದ್ಧದ ನೆನಪೂ ಇಲ್ಲ, ದೊಡ್ಡದೊಂದು ಸ್ಮಾರಕ ಕಟ್ಟಿದರೆ ಎಲ್ಲ ಸರಿಹೋಗುತ್ತದೆ’ ಎಂಬ ಲೇಖನ ಓದಿದೆ. ಸೈನಿಕರ ನಾಡು ಕೊಡಗಿನ ಅಳತೆಗೋಲು ಹಿಡಿದು ಕಲಬುರಗಿ ಅಳೆದರೆ ಹೀಗೇ ಆಗುವುದು.

ಇಲ್ಲಿಯ ನೆನಪು 1948ರ ಸೆಪ್ಟೆಂಬರಿನದು. 13ರಂದು ಭಾರತದ ಸೇನೆ, ಕಲಬುರಗಿಯೂ ಸೇರಿದ್ದ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿತು, 17ರಂದು ನಿಜಾಮ ಕದನ ನಿಲ್ಲಿಸಿದ. ನಿಜಾಮನ ಪರ ನಿಂತ ರಜಾಕಾರರ ಪಡೆಯ ಕಾಟ ತಪ್ಪಿದ ದಿನವೆಂದು ನೆನೆಯುವ ಮನೆಗಳಿವೆ. ಅದರ ಬೆನ್ನಿಗೇ ನಡೆದ ಕೊಲೆ, ಲೂಟಿ ನೆನೆಯುವ ಮನೆಗಳೂ ಇವೆ. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾವನ್ನೂ (ಇಂದಿನ ಕಲಬುರಗಿ) ಆ ಹಿಂಸೆಯ ಕುರಿತು ಕೇಂದ್ರ ಕಳಿಸಿದ್ದ ಸುಂದರಲಾಲ್ ಸಮಿತಿ ಹೆಸರಿಸಿತ್ತು; ವರದಿ ದಶಕಗಟ್ಟಲೆ ಸರ್ಕಾರದ ಕಪಾಟಿನಲ್ಲೇ ಉಳಿಯಿತು. 2019ರಲ್ಲಿ ಸೆಪ್ಟೆಂಬರ್ 17ರ ‘ವಿಮೋಚನಾ ದಿನ’ ಹೋಗಿ ‘ಕಲ್ಯಾಣ ಕರ್ನಾಟಕ ಉತ್ಸವ’ ಬಂತು. ಲೇಖಕರು ಇದ್ಯಾವುದನ್ನೂ ಮುಟ್ಟಿಲ್ಲ.

ಸ್ಮಾರಕ ಮಡಿದವರಿಗಾಯಿತು; ಇನ್ನು ಸೇನೆಯಿಂದ ಬದುಕಿ ಬಂದವರು. ಕಮಲಾಪುರದ ಕಡೆಯ ಹುಡುಗನೊಬ್ಬ ಸಿಪಾಯಿಯಾದ ಎನ್ನಿ. ಪಿಂಚಣಿಗೆ ಬೇಕಾದ 15 ವರ್ಷ ಮುಗಿಸಿ ಬಂದಾಗ ನಲವತ್ತೂ ತುಂಬಿರುವುದಿಲ್ಲ. ಮಕ್ಕಳು ಶಾಲೆಯಲ್ಲಿ, ಹೊಲ ಅಣ್ಣತಮ್ಮಂದಿರ ಕೈಯಲ್ಲಿ, ಪಹಣಿ ಇನ್ನೂ ಅಪ್ಪನ ಹೆಸರಲ್ಲಿ. ರಾಜ್ಯದ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10 ಮೀಸಲಿದೆ, ನಿಜ. ಅಧಿಸೂಚನೆ ಹೊರಡಬೇಕಲ್ಲ! ಅಲ್ಲಿಯವರೆಗೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲಬೇಕು. 2022ರ ಅಗ್ನಿಪಥ ಯೋಜನೆಯಲ್ಲಿ ಸೇನೆ ಸೇರಿ ನಾಲ್ಕೇ ವರ್ಷಕ್ಕೆ ಮರಳುವವರಿಗೆ ಆ ಪಿಂಚಣಿಯೂ ಇಲ್ಲ.

ಸ್ಮಾರಕಕ್ಕೆ ನನ್ನ ತಕರಾರಿಲ್ಲ, ಕಟ್ಟಲಿ. ಅಂದಾಜುಪಟ್ಟಿ ಬರೆಯುವ ಮೊದಲು, ತಾಲೂಕು ಕಚೇರಿಯಲ್ಲಿ ಹೊಲದ ವಾಟ್ನಿ (ಪಾಲು) ಅರ್ಜಿ ಹಿಡಿದು ಅಲೆಯುವ ಮಾಜಿ ಹವಾಲ್ದಾರನ ಕಡತ ಯಾವ ಮೇಜಿನ ಮೇಲಿದೆ ಎಂದು ಲೇಖಕರು ಒಮ್ಮೆ ವಿಚಾರಿಸಿಕೊಂಡು ಬರಲಿ.