ಕೋಶಪೊರೆ ಅಂದ್ರೆ ಕಾಂಪೌಂಡ್ ಗೋಡೆಯಲ್ಲ ಸ್ವಾಮಿ!

ಪೊರೆ ಅಂದ್ರೆ ಗೋಡೆ, ಲಿಪಿಡ್ ಅಂದ್ರೆ ಇಟ್ಟಿಗೆ, ಕೆಲಸ ಮಾಡೋದೆಲ್ಲ ಪ್ರೋಟೀನು! ಜೀವಕೋಶದ ಪಾಠದಲ್ಲಿ ನಾವು ಬಾಯಿಪಾಠ ಮಾಡಿದ್ದು ಇಷ್ಟೇ. ಪಿಯುಸಿಯಲ್ಲಿ ಸಿಂಗರ್-ನಿಕೋಲ್ಸನ್ ಅವರ 1972ರ ಮಾದರಿ ಬರುತ್ತೆ ನಿಜ, ಆದರೆ ಚಿತ್ರ ಬರೆದು ಅಂಕ ತಗೊಂಡರೆ ಅಲ್ಲಿಗೆ ಮುಗೀತು. ಈಗ ಬ್ಲಾಗಿನಲ್ಲಿ ವಿಜ್ಞಾನ ಬರೆಯುವಾಗಲೂ ಅದೇ ಗಿಳಿಪಾಠ ಒಪ್ಪಿಸಬೇಕಾ?

ಮೊದಲನೆಯದಾಗಿ, ಈ ಗೋಡೆಗೆ ಮೇಸ್ತ್ರಿ ಇಲ್ಲ. ಲಿಪಿಡ್ ಅಣುವಿನ ತಲೆಗೆ ನೀರು ಇಷ್ಟ, ಬಾಲಕ್ಕೆ ಆಗಿಬರಲ್ಲ. ನೀರಿನಲ್ಲಿ ಬಾಲಗಳೆಲ್ಲ ಒಳಗೆ ಅವಿತು, ಎರಡು ಪದರದ ಹಾಳೆ ತಾನಾಗೇ ಆಗುತ್ತೆ. ದಪ್ಪ ಮಿಲಿಮೀಟರಿನ ಎರಡು ಲಕ್ಷದಲ್ಲಿ ಸುಮಾರು ಒಂದು ಪಾಲು.

ಎರಡನೆಯದಾಗಿ, ಆ ಎರಡು ಪದರ ಒಂದೇ ಥರ ಇಲ್ಲ. ಫಾಸ್ಫಟಿಡಿಲ್‌ಸೆರೀನ್ ಅನ್ನೋ ಲಿಪಿಡ್ಡನ್ನು ಆರೋಗ್ಯವಾಗಿರುವ ಕೋಶ ಒಳಪದರದಲ್ಲೇ ಬಚ್ಚಿಡುತ್ತೆ. ಅದನ್ನು ಹಿಡಿಯಬಲ್ಲ ಪ್ರೋಟೀನುಗಳು ಹೊರಗೆ ಓಡಾಡುತ್ತಿದ್ದರೂ ಪ್ರಯೋಜನವಿಲ್ಲ. ಶುಕ್ರವಾರ ಗಾಂಧಿ ಬಜಾರಿಗೆ ಹೋಗಿ ನೋಡಿ. ವಿದ್ಯಾರ್ಥಿ ಭವನದ ಬೆಂಚು, ಕಾವಲಿ ಎಲ್ಲ ಒಳಗೇ ಇರುತ್ತವೆ, ಆದರೆ ರಜಾ. ಎಷ್ಟು ಹಸಿವಿದ್ದರೂ ಕೂರೋಕೆ ಜಾಗ ಸಿಗಲ್ಲ.

ಕೈ ಕುಯ್ದುಕೊಂಡರೆ ಬಾಗಿಲು ತೆರೆಯುತ್ತೆ. ರಕ್ತದ ಪ್ಲೇಟ್ಲೆಟ್‌ಗಳು ಆ ಲಿಪಿಡ್ಡನ್ನು ಹೊರಪದರಕ್ಕೆ ತರುತ್ತವೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ಕ್ಯಾಲ್ಸಿಯಂ ನೆರವಿನಿಂದ ಅಲ್ಲಿ ಬಂದು ಕೂರುತ್ತವೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಪ್ರೈವೇಟ್ ಆಗಿದ್ದದ್ದು ಪ್ರೋಗ್ರಾಂ ಓಡುತ್ತಿರುವಾಗಲೇ ಪಬ್ಲಿಕ್ ಆಯ್ತು!

"ಬಾಗಿಲು ತೆಗೆಯೋದೂ ಪ್ರೋಟೀನೇ ಅಲ್ವಾ?" ಅಂತೀರಾ? ಹೌದು. ಟಿಎಂಇಎಂ16ಎಫ್ ಅಂತ ಅದರ ಹೆಸರು, ಜಪಾನಿನ ನಗಾಟಾ ತಂಡ 2010ರಲ್ಲಿ ಪತ್ತೆಹಚ್ಚಿತು. ಅದು ಕೆಟ್ಟರೆ ಸ್ಕಾಟ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳೆಲ್ಲ ಸರಿಯಾಗೇ ಇರುತ್ತವೆ, ರಕ್ತ ಮಾತ್ರ ಸರಿಯಾಗಿ ನಿಲ್ಲಲ್ಲ. ಕೂರೋಕೆ ಜಾಗವೇ ಸಿಕ್ಕಿಲ್ವಲ್ಲ! ಆ ರೋಗಿಯ ಎದುರು ನಿಂತು ಲಿಪಿಡ್ ಬರೀ ಇಟ್ಟಿಗೆ ಅನ್ನಿ ನೋಡೋಣ.

ಬಾಗಿಲು ಹಾಕಿದ್ದಾಗ ಅದು ಸುಮ್ಮನಿರುತ್ತೆ ಅಂದುಕೊಂಡರೆ ಅದೂ ತಪ್ಪು. ಹೆಬ್ಬಾಳದಾಚೆ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್‌ನ ಸತ್ಯಜಿತ್ ಮೇಯರ್ ತಂಡ 2015ರಲ್ಲಿ 'ಸೆಲ್' ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ. ಲಿಪಿಡ್ ಕೊಂಡಿಯಿಂದ ಹೊರಪದರಕ್ಕೆ ಅಂಟಿದ ಕೆಲವು ಪ್ರೋಟೀನುಗಳು ಗುಂಪುಗೂಡಬೇಕಾದರೆ, ಒಳಗೆ ಅವಿತಿರುವ ಇದೇ ಫಾಸ್ಫಟಿಡಿಲ್‌ಸೆರೀನಿನ ಉದ್ದ ಬಾಲಗಳು ಬೇಕು.

ನಮ್ಮೂರಲ್ಲೇ ನಡೆದ ಕೆಲಸ ಇದು. ಇದನ್ನು ಕನ್ನಡದಲ್ಲಿ ನಾವು ಬರೆಯದೆ ಇನ್ಯಾರು ಬರೀತಾರೆ? ಮುಂದಿನ ಸಲ ಜೀವಕೋಶದ ಬಗ್ಗೆ ಪೋಸ್ಟ್ ಹಾಕುವಾಗ ದಯವಿಟ್ಟು ಆ 'ಗೋಡೆ'ಯನ್ನು ಕೆಡವಿ. ಏನಂತೀರಿ?